ಬೆಲ್ಟಿನ ಜಾಹೀರಾತಿಗೆ ನಾನು ಒಪ್ಪಿದ ಚಿತ್ರ

ಸಣ್ಣ ಕಾರ್ಖಾನೆಯ ಆಫೀಸಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಒಂದು ಕೆಲಸ ಅಂಟಿಕೊಳ್ಳುತ್ತದೆ. ‘ನಮ್ಮದೊಂದು ವೆಬ್‌ಸೈಟ್ ಇದೆಯಲ್ಲ, ಅದನ್ನೂ ಸ್ವಲ್ಪ ನೋಡಿಕೋ’ ಎನ್ನುತ್ತಾರೆ ಯಜಮಾನರು. ಸ್ವಲ್ಪ ಎಂದರೆ ಎಷ್ಟು ಎಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ನನಗೂ ಹಾಗೆಯೇ ಬಂತು, ಆದರೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಪೀಣ್ಯದಲ್ಲಿ ಲಾರಿಯ ಸಾಮಾನು ಬಿಗಿಯುವ ಬೆಲ್ಟುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಕೊನೆಯ ಹತ್ತು ವರ್ಷ, ಪತ್ರ ಮತ್ತು ಬಿಲ್ಲುಗಳ ಜೊತೆಗೆ, ‘ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆಲ್ಲ ನಿಮ್ಮ ಕಂಪನಿಯೇ ಮೊದಲು ಕಾಣುವಂತೆ ಮಾಡುತ್ತೇವೆ’ ಎಂದು ಬರುವವರ ಮಾತು ಕೇಳಿ, ಯಾರನ್ನು ಒಪ್ಪಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದೂ ನನ್ನದೇ ಆಗಿತ್ತು.

ಖುಷಿಯ ಕೆಲಸ. ಜನರ ಜೊತೆ ಮಾತು, ಒಂದಿಷ್ಟು ಜಾಣತನ, ದಿನಕ್ಕೊಂದು ನಗೆ. ಅದನ್ನೆಲ್ಲ ಬರೆಯುತ್ತೇನೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಒಪ್ಪಿದ ಒಂದು ಜಾಹೀರಾತನ್ನು ನಂಬಿ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ನಾನು ಅವನ ಕೆಳಗೇ ನಿಂತಿದ್ದೆ. ಚಿಕ್ಕಬಾಣಾವರದ ಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿರುವಾಗ ಈಗಲೂ ಒಮ್ಮೊಮ್ಮೆ ಆ ಗೋಡೌನಿನ ಸೂರು ಕಣ್ಣ ಮುಂದೆ ಬರುತ್ತದೆ, ಕೈ ನಿಂತುಬಿಡುತ್ತದೆ.

ನಮ್ಮ ಯಜಮಾನರು ಗಂಗಣ್ಣ. ಈಗ ಶೆಡ್ಡುಗಳಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಗಂಗಣ್ಣನವರು ಅದೇ ಜಾಗದಲ್ಲಿ ಎರಡು ಶೆಡ್ ಕಟ್ಟಿ, ಒಂದನ್ನು ಬಾಡಿಗೆಗೆ ಕೊಟ್ಟು, ಇನ್ನೊಂದರಲ್ಲಿ ಹೊಲಿಗೆ ಯಂತ್ರಗಳನ್ನು ಹಾಕಿ ಬೆಲ್ಟ್ ಹೊಲಿಸಲು ಶುರುಮಾಡಿದವರು. ವೆಬ್‌ಸೈಟ್ ಮಾಡಿಸಿದ್ದು ಪಕ್ಕದ ಶೆಡ್ಡಿನವರು ಮಾಡಿಸಿದರು ಎಂಬ ಒಂದೇ ಕಾರಣಕ್ಕೆ. ಮಾಡಿಸಿದ ಮೇಲೆ ಒಂದು ವರ್ಷ ಅದನ್ನು ನೋಡಿದವರು ನಾವಿಬ್ಬರೇ ಇರಬೇಕು.

ಆಮೇಲೆ ಶುರುವಾಯಿತು ನೋಡಿ. ದಿನಕ್ಕೆ ನಾಲ್ಕು ಇಮೇಲ್, ಎರಡು ಫೋನ್. ‘ನಿಮ್ಮ ವೆಬ್‌ಸೈಟಿನಲ್ಲಿ ಗಂಭೀರ ದೋಷಗಳಿವೆ ಮೇಡಂ’ ಎಂದು ಒಬ್ಬಳು ಎಷ್ಟು ಕಳವಳದಿಂದ ಹೇಳಿದಳೆಂದರೆ, ನಾನು ಹೆದರಿ ಗಂಗಣ್ಣನವರನ್ನು ಕರೆದೆ. ಅವರು ಫೋನ್ ತೆಗೆದುಕೊಂಡು, ‘ಏನಮ್ಮ, ನೀನು ನಮ್ ವೆಬ್‌ಸೈಟ್ ನೋಡಿದೀಯಾ? ನಾವೇನ್ ಮಾಡ್ತೀವಿ ಯೋಳು’ ಅಂದರು. ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ, ‘ಸಾರ್, ನೀವು ಬೆಸ್ಟ್ ಪ್ರಾಡಕ್ಟ್ಸ್ ಮಾಡ್ತೀರಿ’ ಎಂಬ ಉತ್ತರ ಬಂತು. ಅಂದಿನಿಂದ ನಮ್ಮ ಮೊದಲ ಪರೀಕ್ಷೆ ಅದೇ ಆಯಿತು. ನಾವು ಏನು ಮಾಡುತ್ತೇವೆಂದು ಹೇಳಲಾರದವರ ಜೊತೆ ಎರಡನೇ ಮಾತಿಲ್ಲ.

ಒಬ್ಬ ಟೈ ಕಟ್ಟಿಕೊಂಡ ಯುವಕ ಲ್ಯಾಪ್‌ಟಾಪ್ ತಂದು ನಮ್ಮ ಎದುರೇ ನಮ್ಮ ಕಂಪನಿಯ ಹೆಸರನ್ನು ಟೈಪ್ ಮಾಡಿ, ‘ನೋಡಿ ಸಾರ್, ಒಂದೇ ವಾರದಲ್ಲಿ ಮೊದಲ ಸ್ಥಾನಕ್ಕೆ ತಂದಿದ್ದೀನಿ’ ಎಂದು ತೋರಿಸಿದ. ಗಂಗಣ್ಣನವರ ಮುಖ ಅರಳಿತು. ನಾನೂ ಚಪ್ಪಾಳೆ ತಟ್ಟುವುದೊಂದು ಬಾಕಿ. ಅವನಿಗೆ ಆರು ತಿಂಗಳ ಕೆಲಸ ಕೊಟ್ಟೆವು. ನಮ್ಮ ಹೆಸರನ್ನೇ ಟೈಪ್ ಮಾಡಿದರೆ ನಾವಲ್ಲದೆ ಇನ್ಯಾರು ಬರಬೇಕು ಎಂದು ಹೊಳೆದದ್ದು ನಾಲ್ಕನೇ ತಿಂಗಳಲ್ಲಿ. ನಮ್ಮ ಹೆಸರು ಗೊತ್ತಿರುವವನು ಹೇಗೂ ಫೋನ್ ಮಾಡುತ್ತಾನೆ. ನಮ್ಮ ಹೆಸರೇ ಗೊತ್ತಿಲ್ಲದೆ, ಲಾರಿಗೆ ಬೆಲ್ಟ್ ಬೇಕೆಂದು ಹುಡುಕುವವನಿಗೆ ನಾವು ಕಾಣಬೇಕು. ಇಷ್ಟು ಸುಲಭದ ಮಾತು ತಿಳಿಯಲು ನನ್ನಂಥ ಪದವೀಧರೆಗೆ ನಾಲ್ಕು ತಿಂಗಳು ಬೇಕಾಯಿತು.

ಇನ್ನೊಂದು ಕಂಪನಿಯವರು ನಿಜವಾಗಿಯೂ ಜಾಹೀರಾತು ಹಾಕಿದರು. ಫೋನುಗಳೂ ಬಂದವು. ಪ್ಯಾಂಟಿನ ಬೆಲ್ಟ್ ಕೇಳಿದವರು, ಹಿಟ್ಟಿನ ಗಿರಣಿಯ ಬೆಲ್ಟ್ ಕೇಳಿದವರು, ಬೆನ್ನುನೋವಿಗೆ ಕಟ್ಟುವ ಬೆಲ್ಟ್ ಕೇಳಿದವರು. ಒಬ್ಬ ಮಹಿಳೆ ಮಗಳ ಮದುವೆಗೆ ಡಾಬು ಬೇಕೆಂದರು. ‘ನಮ್ಮಲ್ಲಿ ಸೊಂಟದ ಪಟ್ಟಿ ಇಲ್ಲಮ್ಮ, ಲಾರಿ ಪಟ್ಟಿ ಇದೆ’ ಅಂದೆ. ‘ಹೌದಾ? ನಮ್ಮ ಬೀಗರ ಮನೆ ಹುಡುಗೀಗೆ ಅದೇ ಸರಿ ಹೋಗುತ್ತೆ ಬಿಡಿ’ ಎಂದು ನಕ್ಕು ಫೋನಿಟ್ಟರು. ಹೊಲಿಗೆ ವಿಭಾಗದ ಹಿರಿಯರು ಶಾರದಮ್ಮ. ಅವರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಒಂದು ತಿಂಗಳು ನನ್ನನ್ನು ನೋಡಿದಾಗೆಲ್ಲ ‘ಡಾಬು ಎಷ್ಟು ಹೊಲೀಬೇಕು ಸುಮಿತ್ರಾ ಮೇಡಂ?’ ಎಂದು ಕೇಳುತ್ತಿದ್ದರು.

ಆಗ ಕಲಿತದ್ದು, ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕೆ ಮರುಳಾಗಬಾರದು ಎಂದು. ಜನ ನಿಜವಾಗಿ ಏನೆಂದು ಟೈಪ್ ಮಾಡಿ ನಮ್ಮ ಬಳಿ ಬಂದರು ಎಂಬ ಪಟ್ಟಿ ಒಂದಿರುತ್ತದೆ. ಅದನ್ನು ಕೇಳಿ ಪಡೆಯಬೇಕು. ಅದನ್ನು ಕೊಡಲು ಮೀನಮೇಷ ಎಣಿಸುವವರನ್ನು ಅಲ್ಲಿಗೇ ಬಿಡಬೇಕು. ಯಾವ ಮಾತು ಹುಡುಕಿದವರಿಗೆ ನಾವು ಕಾಣಬಾರದು ಎಂದೂ ಬರೆದುಕೊಡಬಹುದು. ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲನೆಯದು ಡಾಬು.

ಹೀಗೆ ಬಿದ್ದು ಎದ್ದು ನಾನು ಸಾಕಷ್ಟು ಪಳಗಿದೆ. ಜಾಹೀರಾತಿನ ಖಾತೆ ನಮ್ಮ ಹೆಸರಿನಲ್ಲೇ ಇರಬೇಕು, ವರ್ಷದ ಕರಾರು ಬೇಡ, ತಿಂಗಳಿಗೊಮ್ಮೆ ಎದುರು ಕೂತು ಪಟ್ಟಿ ತೋರಿಸಬೇಕು, ಮೊದಲ ಸ್ಥಾನದ ಆಣೆ ಪ್ರಮಾಣ ಮಾಡಬಾರದು. ಇನ್ನೊಂದು ಜಾಹೀರಾತು ಕಂಪನಿಯ ಕಾರ್ತಿಕ್ ಎಂಬವರು ಬಂದಾಗ ಈ ಎಲ್ಲ ಷರತ್ತುಗಳಿಗೂ ನೇರ ಉತ್ತರ ಕೊಟ್ಟರು. ಮೂರು ಕಂಪನಿಗಳ ಪ್ರಸ್ತಾವ ಮೇಜಿನ ಮೇಲಿತ್ತು, ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಇವರನ್ನೇ ಆರಿಸಿದೆ. ಆಯ್ಕೆ ಸರಿಯಾಗಿಯೇ ಇತ್ತು. ಈಗಲೂ ಅದನ್ನೇ ಹೇಳುತ್ತೇನೆ.

ಎರಡು ತಿಂಗಳಾದ ಮೇಲೆ ಕಾರ್ತಿಕ್ ಒಂದು ಸಲಹೆ ತಂದರು. ಜಾಹೀರಾತು ಒತ್ತಿದವರು ನಮ್ಮ ಪುಟಕ್ಕೆ ಬಂದು ತಕ್ಷಣ ಹೊರಟುಹೋಗುತ್ತಿದ್ದಾರೆ, ಬರೀ ಬೆಲ್ಟಿನ ಸುರುಳಿಗಳ ಫೋಟೋ ನೋಡಲು ಬೇಸರ, ಮನುಷ್ಯರಿರುವ ಚಿತ್ರ ಹಾಕೋಣ ಎಂದು. ಅವರೇ ಒಂದು ಚಿತ್ರ ಆರಿಸಿದ್ದರು. ಹೆಲ್ಮೆಟ್ ಹಾಕಿದ ಚೆಂದದ ಯುವಕ, ಹಿಂದೆ ನೀಲಿ ಆಕಾಶ, ಎತ್ತರದ ಕಬ್ಬಿಣದ ಗೋಪುರ, ಮೈಗೆ ಕಿತ್ತಳೆ ಬಣ್ಣದ ಪಟ್ಟಿಗಳು. ನಮ್ಮ ಬೆಲ್ಟೂ ಕಿತ್ತಳೆ ಬಣ್ಣದ್ದೇ. ಪುಟಕ್ಕೆ ತಟ್ಟನೆ ಜೀವ ಬಂದಂತಾಯಿತು. ನನಗೆ ಇಷ್ಟವಾಯಿತು. ಶಾರದಮ್ಮನಿಗೂ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿ, ‘ಹುಡುಗ ಏನೋ ಚೆನ್ನಾಗಿದ್ದಾನೆ. ಬೆಲ್ಟು ನಮ್ದಲ್ಲ ಕಣ್ರೀ. ಇವನು ಹಾಕ್ಕೊಂಡಿರೋದಕ್ಕೆ ತೊಡೆಗೂ ಪಟ್ಟಿ ಇದೆ, ಹೆಗಲಿಗೂ ಇದೆ. ಅದು ಮನುಷ್ಯರದ್ದು. ನಾವು ಹೊಲಿಯೋದು ಮೂಟೆಗೆ’ ಅಂದರು.

‘ಚಿತ್ರ ಅಷ್ಟೇ ಬಿಡಿ ಶಾರದಮ್ಮ, ಅಲಂಕಾರಕ್ಕೆ’ ಅಂದೆ ನಾನು.

ಫೋನುಗಳು ಹೆಚ್ಚಿದವು. ಗಂಗಣ್ಣನವರು ಎಲ್ಲರಿಗೂ ಹೋಳಿಗೆ ತರಿಸಿದರು.

ಅಂಥ ಒಂದು ಫೋನು ಹನುಮಂತು ಎಂಬ ಗುತ್ತಿಗೆದಾರನದು. ಗೋಡೌನುಗಳಿಗೆ ಸೂರಿನ ಶೀಟು ಹಾಕಿಸುವವನು. ‘ಮೇಡಂ, ಆ ಫೋಟೋದಾಗೆ ಬೆಲ್ಟ್ ಐತಲ್ಲ, ಎಂಟು ಬೇಕು’ ಅಂದ. ಶೀಟುಗಳನ್ನು ಲಾರಿಯಲ್ಲಿ ಬಿಗಿಯಲು ಎಂದುಕೊಂಡು, ‘ಎಷ್ಟು ಟನ್ ತಡೆಯೋದು ಬೇಕು ಅಣ್ಣ?’ ಎಂದು ಕೇಳಿದೆ.

‘ಟನ್ನಾ? ನಮ್ ಲೋಕೇಶನ ತೂಕ ತಡೆದ್ರೆ ಸಾಕು ಮೇಡಂ.’

ನಾನು ನಕ್ಕೆ. ತಮಾಷೆ ಎಂದುಕೊಂಡೆ. ‘ನಿಮ್ಮ ಲೋಕೇಶ ಆನೆ ತೂಕ ಇದ್ರೂ ತಡೆಯುತ್ತೆ ಅಣ್ಣ’ ಅಂದೆ. ಅವನೂ ನಕ್ಕ. ಅದೇ ದಿನ ಎಂಟು ಬೆಲ್ಟು ಹೋದವು.

ಎಷ್ಟು ಸಲ ಆ ಮಾತನ್ನು ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ, ನಗುವ ಜಾಗದಲ್ಲಿ ‘ಯಾಕೆ ಅಣ್ಣ, ಯಾರು ಕಟ್ಟಿಕೊಳ್ತಾರೆ?’ ಎಂದು ಕೇಳಿದ್ದೇನೋ ಲೆಕ್ಕವಿಲ್ಲ.

ಮೂರು ವಾರದ ಮೇಲೆ ಕಾರ್ತಿಕ್, ನಮ್ಮದೇ ಗಿರಾಕಿಗಳು ನಮ್ಮ ಬೆಲ್ಟ್ ಬಳಸುವ ನಿಜವಾದ ಫೋಟೋಗಳಿದ್ದರೆ ಇನ್ನೂ ಒಳ್ಳೆಯದು ಅಂದರು. ಹನುಮಂತುವಿನ ಕೆಲಸ ಮಾದನಾಯಕನಹಳ್ಳಿಯ ಒಂದು ಗೋಡೌನಿನಲ್ಲಿ ನಡೆಯುತ್ತಿತ್ತು. ಗಂಗಣ್ಣನವರಿಗೂ ಆ ಕಡೆ ಯಾರನ್ನೋ ನೋಡುವುದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಕಾರಿನಲ್ಲೇ ಹೋದೆವು. ಶೀಟು ತುಂಬಿದ ಲಾರಿ, ಅದರ ಮೇಲೆ ನಮ್ಮ ಕಿತ್ತಳೆ ಬೆಲ್ಟು, ಅಂಥ ಫೋಟೋ ನನ್ನ ಮನಸ್ಸಿನಲ್ಲಿತ್ತು.

ಹೊರಗೆ ಲಾರಿ ಇರಲಿಲ್ಲ. ಗೋಡೌನಿನ ಒಳಗೆ ಹೋದೆವು. ಪಶು ಆಹಾರದ ಮೂಟೆಗಳ ಸಾಲು, ಅವುಗಳ ನಡುವೆ ಹನುಮಂತು. ‘ಬನ್ನಿ ಮೇಡಂ, ಬನ್ನಿ ಸಾರ್’ ಎನ್ನುತ್ತಾ ಅವನು ಮೇಲೆ ಕೈ ತೋರಿಸಿದ. ‘ನಿಮ್ ಬೆಲ್ಟೇ ಹಾಕ್ಕೊಂಡವ್ನೆ ನೋಡಿ ನಮ್ ಲೋಕೇಶ.’

ನಾನು ಫೋಟೋಗೆಂದು ಫೋನ್ ಎತ್ತಿ ಮೇಲೆ ನೋಡುವುದಕ್ಕೂ, ಲೋಕೇಶನ ಕಾಲ ಕೆಳಗೆ ಬೆಳಕಿಗೆಂದು ಸೂರಿಗೆ ಹಾಕಿದ್ದ ಹಳೆಯ ಪ್ಲಾಸ್ಟಿಕ್ ಶೀಟು ಮುರಿಯುವುದಕ್ಕೂ ಸರಿಹೋಯಿತು. ಲಟಕ್ ಎಂಬ ಸದ್ದು. ಎರಡು ಕಾಲು, ಆಮೇಲೆ ಇಡೀ ಮನುಷ್ಯ, ಸೂರಿನಿಂದ ಒಳಗೆ ಬಿದ್ದ. ಅರ್ಧದಲ್ಲೇ ನಿಂತ. ಬೆಲ್ಟನ್ನು ಎದೆಗೆ ಸುತ್ತಿ ಬಿಗಿದುಕೊಂಡು, ಅದರ ತುದಿಯ ಕೊಕ್ಕೆಯನ್ನು ಸೂರಿನ ಕಬ್ಬಿಣದ ಅಡ್ಡಪಟ್ಟಿಗೆ ಸಿಕ್ಕಿಸಿದ್ದ.

‘ತಡೀತು! ತಡೀತು ಸಾರ್!’ ಎಂದು ಹನುಮಂತು ಕೂಗಿದ.

ತಡೆದದ್ದು ನಿಜ. ಆದರೆ ಲೋಕೇಶ ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮನುಷ್ಯರಿಗೆಂದು ಮಾಡಿದ ಬೆಲ್ಟಿನಲ್ಲಿ ಭಾರ ತೊಡೆಗೆ, ಹೆಗಲಿಗೆ ಹಂಚಿಹೋಗುತ್ತದೆ. ಇಲ್ಲಿ ಅವನ ಮೈಭಾರವೆಲ್ಲ ಪಕ್ಕೆಲುಬಿನ ಮೇಲಿನ ಆ ಒಂದೇ ಪಟ್ಟಿಯಲ್ಲಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಅವನ ಬಲಗೈ ಎದೆಯ ಹತ್ತಿರ ತಡಕಾಡಿತು. ಏನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ಬೆಲ್ಟಿನ ಮೇಲೆ ಕಬ್ಬಿಣದ ಹಿಡಿ ಇರುತ್ತದೆ. ಅದನ್ನು ಆಡಿಸಿದರೆ ಪಟ್ಟಿ ಬಿಗಿಯಾಗುತ್ತದೆ. ಪೂರ್ತಿ ಹಿಂದಕ್ಕೆ ಮಲಗಿಸಿದರೆ ಪಟ್ಟಿ ಸ್ವಲ್ಪವಲ್ಲ, ಒಮ್ಮೆಗೇ ಬಿಟ್ಟುಕೊಳ್ಳುತ್ತದೆ. ವೆಬ್‌ಸೈಟಿಗೆ ಆ ವಿವರ ಬರೆದವಳೇ ನಾನು.

‘ಹಿಡಿ ಮುಟ್ಟಬೇಡ! ಕೈ ತೆಗಿಯೋ! ಮುಟ್ಟಿದ್ರೆ ಬೀಳ್ತೀಯ! ಕೈ ತೆಗಿ ಅಂದ್ನಲ್ಲ!’

ನನ್ನ ಗಂಟಲಿನಿಂದ ಅಂಥ ದನಿ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಅವನ ಬೆರಳು ಹಿಡಿಯ ಮೇಲಿತ್ತು. ನನ್ನನ್ನೇ ನೋಡಿದ. ಗಂಗಣ್ಣನವರು ಆಗಲೇ ಓಡಿದ್ದರು. ‘ಲೇ, ಆ ಫೋರ್ಕ್‌ಲಿಫ್ಟ್ ಇಂಗೆ ತಿರುಗಿಸ್ರೋ! ಮೂಟೆ ಇರಂಗೇ ಎತ್ಕೊಂಡ್ ಬಾರೋ!’ ಎಂದು ಎಪ್ಪತ್ತರ ಹತ್ತಿರದ ಮನುಷ್ಯ ಗಾಡಿಯ ಮುಂದೆ ಮುಂದೆ ಓಡುತ್ತಾ ದಾರಿ ಬಿಡಿಸಿದರು. ಮೂಟೆಗಳ ಸಮೇತ ಹಲಗೆ ಮೇಲೇರಿತು. ಎಷ್ಟು ನಿಧಾನ ಏರಿತೆಂದರೆ ಈಗಲೂ ಏರುತ್ತಿದೆ. ನಾನು ಒಂದೇ ಸಮ ಕಿರುಚುತ್ತಿದ್ದೆ, ಕೈ ತೆಗಿ, ಕೈ ತೆಗಿ. ಅವನ ಕಾಲು ಮೂಟೆಗೆ ತಾಗಿತು. ಮಂಡಿ ಊರಿದ. ಉಸಿರು ಎಳೆದುಕೊಂಡ ಸದ್ದು ಕೆಳಗೆ ನಮಗೆಲ್ಲ ಕೇಳಿಸಿತು. ಬೆಲ್ಟಿನ ಭಾರ ಇಳಿದ ಕೂಡಲೇ ಮೇಲಿನ ಕೊಕ್ಕೆ ತಾನಾಗಿಯೇ ಕಳಚಿ ಪಟ್ಟಿಯ ತುದಿಯಲ್ಲಿ ಜೋತಾಡಿತು.

ಲೋಕೇಶನಿಗೆ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಗುಣವಾದ. ಆಸ್ಪತ್ರೆಯಲ್ಲಿ ನೋಡಲು ಹೋದಾಗ, ‘ಅಕ್ಕಾ, ಏನಂತ ಗೊತ್ತಾಗ್ಲಿಲ್ಲ. ನಮ್ಮಮ್ಮ ಬೈದಂಗಿತ್ತು, ಅದ್ಕೇ ಕೈ ತೆಗ್ದೆ’ ಅಂದ. ಹನುಮಂತು ಮಾತ್ರ ನನ್ನನ್ನು ಬಿಡಲಿಲ್ಲ. ‘ಫೋಟೋದಾಗೆ ಮನುಷ್ಯನೇ ಹಾಕ್ಕೊಂಡಿದ್ನಲ್ಲ ಮೇಡಂ. ನಾನು ಕೇಳ್ದೆ ಕೂಡ. ಆನೇನೂ ತಡೆಯುತ್ತೆ ಅಂದ್ರಿ.’ 

ಆ ದಿನ ಕಾರಿನಲ್ಲಿ ವಾಪಸ್ ಬರುವಾಗ ಗಂಗಣ್ಣನವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಪೀಣ್ಯದ ಹತ್ತಿರ ಬಂದ ಮೇಲೆ ಕೇಳಿದರು: ‘ಆ ಪಟ ನೋಡ್ಕೊಂಡು ಇನ್ನೆಷ್ಟು ಜನ ತಗೊಂಡವ್ರಮ್ಮ?’

ಕಾರ್ತಿಕ್‌ಗೆ ಫೋನ್ ಮಾಡಿ ಚಿತ್ರ, ಜಾಹೀರಾತು ಎರಡನ್ನೂ ಆ ಕ್ಷಣವೇ ನಿಲ್ಲಿಸಿ ಎಂದೆ. ‘ಮೇಡಂ, ನಿಮಗೆ ಜಾಸ್ತಿ ಕಾಲ್ ಬರ್ತಿರೋದೇ ಆ ಪೇಜಿಂದ’ ಅಂದರು. ಏನಾಯಿತೆಂದು ಹೇಳಿದೆ.  ಅವರು ಅರ್ಧ ಗಂಟೆಯಲ್ಲಿ ಎಲ್ಲ ತೆಗೆದು, ಜನ ಏನೆಂದು ಹುಡುಕಿಕೊಂಡು ಬಂದರು ಎಂಬ ಪಟ್ಟಿಯನ್ನು ತಾವೇ ಕೈಯಲ್ಲಿ ಹಿಡಿದು ಬಂದರು. ಚಿತ್ರ ಬಂದ ಮೇಲೆ ಪಟ್ಟಿಯೂ ಬದಲಾಗಿತ್ತು. ಎತ್ತರದ ಕೆಲಸದ ಬೆಲ್ಟ್, ಪೇಂಟರ್ ಬೆಲ್ಟ್, ತೆಂಗಿನಮರ ಹತ್ತುವ ಬೆಲ್ಟ್. ಪಟ್ಟಿ ಕೇಳಿ ಪಡೆಯಬೇಕೆಂದು ಎಲ್ಲರಿಗೂ ಪಾಠ ಹೇಳುತ್ತಿದ್ದ ನಾನು, ಫೋನು ಹೆಚ್ಚಾದ ಖುಷಿಯಲ್ಲಿ ಆ ತಿಂಗಳು ಪಟ್ಟಿ ಬಿಡಿಸಿಯೇ ನೋಡಿರಲಿಲ್ಲ.

ಹೊಸಬರೇ, ನನ್ನಿಂದ ತೆಗೆದುಕೊಳ್ಳುವುದಿದ್ದರೆ ಇದೊಂದನ್ನು ತೆಗೆದುಕೊಳ್ಳಿ. ಜಾಹೀರಾತು ಹಾಕುವವರ ಪ್ರಸ್ತಾವವನ್ನು ತೂಗುವಾಗ ಎಷ್ಟು ಜನರನ್ನು ತರುತ್ತಾರೆ ಎಂದು ನಾವೆಲ್ಲ ಕೇಳುತ್ತೇವೆ. ಬಂದವರು ಏನು ನಂಬಿ ಬರುತ್ತಾರೆ ಎಂದೂ ಕೇಳಿ. ಸಾಮಾನನ್ನು ಕೈಯಾರೆ ಮಾಡುವವರಿಗೆ ತೋರಿಸಿ ಅವರ ಮಾತಿಗೆ ಕಿವಿಗೊಡದೆ ಒಂದು ಅಕ್ಷರವನ್ನೂ, ಒಂದು ಚಿತ್ರವನ್ನೂ ಒಪ್ಪಬೇಡಿ. ಅಲ್ಲಿಂದ ಮುಂದೆ ನಮ್ಮ ಪ್ರತಿ ಜಾಹೀರಾತೂ ಮೊದಲು ಶಾರದಮ್ಮನ ಹೊಲಿಗೆ ಯಂತ್ರದ ಮೇಲೆ ಹೋಗುತ್ತಿತ್ತು. ಅವರು ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರೆ ಮುಗಿಯಿತು, ಗಂಗಣ್ಣನವರೂ ತಿದ್ದುವಂತಿರಲಿಲ್ಲ. ಫೋನುಗಳು ಕಡಿಮೆಯಾದವು. ಬಂದವರೆಲ್ಲ ಲಾರಿಯವರೇ ಆದರು. ಕಾರ್ಖಾನೆ ಚೆನ್ನಾಗಿಯೇ ನಡೆಯಿತು, ಈಗಲೂ ನಡೆಯುತ್ತಿದೆ.

ಆ ಪುಟ ನೋಡಿ ಬೆಲ್ಟು ಕೊಂಡವರು ಹನುಮಂತುವನ್ನು ಬಿಟ್ಟು ಮೂವತ್ತೊಂದು ಜನ ಇದ್ದರು. ಲೋಕೇಶ ಬಿದ್ದ ಮರುದಿನ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ‘ನಮ್ಮ ಬೆಲ್ಟನ್ನು ಯಾತಕ್ಕೆ ಬಳಸ್ತಿದೀರಿ?’ ಒಬ್ಬರು ಜನರೇಟರ್ ಬಿಗಿದಿದ್ದರು, ಒಬ್ಬರು ಸ್ಕೂಟರಿಗೆ ಹಾಸಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ಒಬ್ಬರು ಏಳಲಾಗದ ಹಸುವನ್ನು ಎತ್ತಿ ನಿಲ್ಲಿಸಿದ್ದರು. ‘ಹಸು ಹೇಗಿದೆ?’ ಎಂದೆ. ‘ಇವತ್ತು ಒದೀತು ಮೇಡಂ’ ಎಂದು ಸಂಭ್ರಮದಿಂದ ಹೇಳಿದರು. ತೆಂಗಿನಕಾಯಿ ಕೀಳುವವನೊಬ್ಬ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ, ಹೇಳಿದ ತಕ್ಷಣ ಬಿಚ್ಚಿಟ್ಟ. ಎರಡು ದಿನದಲ್ಲಿ ಮೂವತ್ತು ಹೆಸರು ಮುಗಿದವು. ಸಿಂಗಸಂದ್ರದ ಮುರುಗೇಶ್ ಎಂಬ ಪೇಂಟಿಂಗ್ ಗುತ್ತಿಗೆದಾರ ಒಬ್ಬರೇ ಫೋನ್ ಎತ್ತಲಿಲ್ಲ. ನಾಲ್ಕು ಬೆಲ್ಟು ಕೊಂಡಿದ್ದರು.

‘ಓಗಣ ನಡಿ’ ಅಂದರು ಗಂಗಣ್ಣ. ಮನುಷ್ಯರ ಮೈಗೆ ಹಾಕುವ ಅಸಲಿ ಬೆಲ್ಟು ನಾಲ್ಕನ್ನು ಅಂಗಡಿಯಿಂದ ಕೊಂಡು ಡಿಕ್ಕಿಯಲ್ಲಿ ಹಾಕಿಕೊಂಡು, ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ವಿಳಾಸ ಕೇಳುತ್ತಾ ಕೇಳುತ್ತಾ ಐದು ಅಂತಸ್ತಿನ ಒಂದು ಅಪಾರ್ಟ್‌ಮೆಂಟಿನ ಮುಂದೆ ನಿಂತಾಗ ತಲೆ ಎತ್ತಿದೆ. ಹೊರಗೋಡೆಯ ಉದ್ದಕ್ಕೂ ಹಗ್ಗಕ್ಕೆ ಕಟ್ಟಿದ ಹಲಗೆಗಳ ಮೇಲೆ ಕೂತು ನಾಲ್ಕು ಜನ ಬಣ್ಣ ಹೊಡೆಯುತ್ತಿದ್ದರು. ನಾಲ್ಕೂ ಎದೆಯ ಮೇಲೆ ಕಿತ್ತಳೆ ಪಟ್ಟಿ.

ಮುರುಗೇಶ್ ನಗುನಗುತ್ತಾ ಬಂದರು. ಫೋನ್ ಯಾಕೆ ಎತ್ತಲಿಲ್ಲ, ಆ ಬೆಲ್ಟು ವಾಪಸ್ ಕೊಡಿ ಅಂದೆ. ‘ಫೋನ್ ನೀರಿಗೆ ಬಿತ್ತು ಮೇಡಂ. ಸೂಪರ್ ಬೆಲ್ಟ್ ಸಾರ್! ಯಾಕೆ ವಾಪಸ್? ಹುಡುಗರಿಗೆ ಸೆಟ್ ಆಗಿದೆ.’ ನಾನು ಎಷ್ಟು ಹೇಳಿದರೂ ತಲೆಯಾಡಿಸುತ್ತಿದ್ದರು, ನಂಬಲಿಲ್ಲ.

ಗಂಗಣ್ಣನವರು ಕಾರಿನಿಂದ ನಮ್ಮದೇ ಒಂದು ಲಾರಿ ಬೆಲ್ಟ್ ತಂದರು. ‘ಬಾರಪ್ಪ ಇಲ್ಲಿ’ ಎಂದು ಮುರುಗೇಶ್ ಅವರ ಎದೆಗೇ ಸುತ್ತಿ, ನನ್ನ ಕೈಲಿ ಬಿಗಿಸಿ, ಕೊಕ್ಕೆಯನ್ನು ಗೇಟಿನ ಕಮಾನಿನ ಕಂಬಿಗೆ ಹಾಕಿದರು. ‘ಈಗ ಕಾಲು ಎತ್ತು. ನೆಲದಿಂದ ಒಂದು ಗೇಣು ಸಾಕು.’

ಮುರುಗೇಶ್ ನಗುತ್ತಲೇ ಕಾಲು ಮಡಚಿದರು. ನಗು ಅಲ್ಲೇ ನಿಂತಿತು. ಮುಖ ಕೆಂಪಾಯಿತು. ಅವರ ಕೈ ಕೂಡ ನೇರ ಆ ಹಿಡಿಗೇ ಹೋಯಿತು, ನಾನು ಮಣಿಕಟ್ಟು ಹಿಡಿದುಕೊಂಡೆ. ‘ಕಾಲು ಊರಿ ಮುರುಗೇಶ್ ಅವ್ರೇ. ನಿಮಗೆ ಕೆಳಗೆ ನೆಲ ಇದೆ.’

ಕಾಲೂರಿದವರೇ ಎರಡು ಸಲ ಕೆಮ್ಮಿ ಮೇಲೆ ನೋಡಿ ಕೂಗಿದರು: ‘ಡೇಯ್, ಎಲ್ಲಾರೂ ಇಳೀರೋ! ಬ್ರಷ್ ಬಿಟ್ಟು ಇಳೀರೋ!’

ಒಬ್ಬೊಬ್ಬರನ್ನೇ ಹಗ್ಗದಲ್ಲಿ ಕೆಳಗಿಳಿಸಿದರು. ಮೂವರು ಬಂದರು. ನಾಲ್ಕನೆಯವನು, ಎಲ್ಲರಿಗಿಂತ ಮೇಲಿದ್ದವನು, ‘ಈ ಕಿಟಕಿ ಮೂಲೆ ಒಂದು ಮುಗಿಸ್ಬಿಟ್ಟು ಬರ್ತೀನಿ ಗುರು, ಬಣ್ಣ ಒಣಗೋಗ್ತದೆ’ ಅಂದ. ಮುರುಗೇಶ್ ಬೈದರು. ಗಂಗಣ್ಣ ಬೈದರು. ಅವನು ಮೂಲೆಯನ್ನು ಮುಗಿಸಿಯೇ ಬಂದ, ಅಂತಸ್ತಿಗೊಮ್ಮೆ ನಿಂತು ತನ್ನ ಕೆಲಸವನ್ನು ಹಿಂತಿರುಗಿ ನೋಡುತ್ತಾ. ನಾನು ಉಸಿರು ಬಿಟ್ಟದ್ದು ಅವನ ಚಪ್ಪಲಿ ಮಣ್ಣಿಗೆ ತಾಗಿದ ಮೇಲೆ.

‘ಇದನ್ನ ಬಿಚ್ಚೋದೆಂಗಕ್ಕ?’ ಎಂದು ಅವನು ಎದೆ ಮುಂದೆ ಮಾಡಿ ನಿಂತ. ನಾನೇ ಹಿಡಿಯನ್ನು ಪೂರ್ತಿ ಹಿಂದಕ್ಕೆ ಮಲಗಿಸಿದೆ. ಪಟ್ಟಿ ಒಮ್ಮೆಗೇ ಸಡಿಲವಾಗಿ ನನ್ನ ಕೈಗೆ ಬಂತು. ಅವನ ಬೆವರಿಗೆ ಒದ್ದೆಯಾಗಿ ಇನ್ನೂ ಬೆಚ್ಚಗಿತ್ತು.